ಸಿನಿಮಾ ಕಾರಿನ ಹೊಳಪು, ಚನ್ನಪಟ್ಟಣದ ಅರಗು

ಮಕ್ಕಳೇ, ನಿಮ್ಮ ಆಟಿಕೆ ಕಾರುಗಳಲ್ಲಿ ಒಂದನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ. ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಬಾಗಿಲಿನ ಸುತ್ತ ಇರುವ ಗೆರೆ ಚೂಪಾಗಿ ಕಾಣುತ್ತದೆಯೇ, ಇಲ್ಲ ಬಣ್ಣ ತುಂಬಿಕೊಂಡು ಮುಚ್ಚಿಹೋಗಿದೆಯೇ? ಬಾನೆಟ್ಟಿನ ಮೇಲೆ ಕಿಟಕಿ ಸರಳುಗಳ ಪ್ರತಿಬಿಂಬ ನೆಟ್ಟಗೆ ಬಿದ್ದಿದೆಯೇ, ಅಲ್ಲಾಡುವ ನೀರಿನಲ್ಲಿ ಬಿದ್ದ ಹಾಗೆ ಸೊಟ್ಟಗಾಗಿದೆಯೇ? ಇಷ್ಟು ನೋಡಿದರೆ ಆ ಕಾರಿಗೆ ಬಣ್ಣ ಹಾಕಿದ ಕೈ ಎಂಥದ್ದು ಎಂಬುದು ಅರ್ಧ ಗೊತ್ತಾದ ಹಾಗೆ. ಅಜ್ಜ ಅಜ್ಜಿಯರು ಕನ್ನಡಕ ಹಾಕಿಕೊಂಡೇ ನೋಡಬೇಕು. ನಾನೂ ಹಾಗೆಯೇ ನೋಡುವುದು.

ನನ್ನ ಮೊಮ್ಮಗ ಆರನೇ ತರಗತಿಯಲ್ಲಿದ್ದಾನೆ. ಸಿನಿಮಾಗಳಲ್ಲಿ ಬಂದ ಕಾರುಗಳ ಪುಟ್ಟ ಮಾದರಿಗಳನ್ನು ಕೂಡಿಡುವ ಗೀಳು ಅವನಿಗೆ. ಹುಟ್ಟುಹಬ್ಬಕ್ಕೆ ಬಟ್ಟೆ ಬೇಡ, ಕಾರು ಕೊಡಿಸಿ ಎನ್ನುತ್ತಾನೆ. ನನಗೆ ಕಾರಿನ ಓಟಕ್ಕಿಂತ ಅದರ ಬಣ್ಣದ ಮೇಲೆ ಕಣ್ಣು. ಬದುಕೆಲ್ಲ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಗಳ ನಡುವೆ ಬ್ಯಾಂಕಿನ ಗುಮಾಸ್ತಿಕೆ ಮಾಡಿ ಕಳೆದವನು ನಾನು. ಗೊಂಬೆ ಮಾಡುವವರ ಪಾಸ್‌ಬುಕ್ ತುಂಬಿಕೊಡುತ್ತ ಅವರ ಮಾತು ಕೇಳಿದ್ದೇನೆ. ಸಾಲದ ಅರ್ಜಿಯ ನೆಪದಲ್ಲಿ ಅವರ ಕೆಲಸದ ಮನೆಗಳಲ್ಲಿ ನಿಂತು ನೋಡಿದ್ದೇನೆ. ಆದ್ದರಿಂದ ಮೊಮ್ಮಗನ ಪೆಟ್ಟಿಗೆಯಲ್ಲಿರುವ ವಿದೇಶಿ ಸಿನಿಮಾ ಕಾರು ಕಂಡಾಗಲೂ ನನಗೆ ನೆನಪಾಗುವುದು ನಮ್ಮೂರಿನ ಮರದ ಗೊಂಬೆಯ ಹೊಳಪೇ.

ಮೊದಲು ಲೋಹದ ಕಾರುಗಳ ಮಾತು. ಇವುಗಳಲ್ಲಿ ಬಹಳಷ್ಟನ್ನು ಸತುವಿನ ಮಿಶ್ರಲೋಹವನ್ನು ಕರಗಿಸಿ ಅಚ್ಚಿಗೆ ಒತ್ತಿ ತಯಾರಿಸುತ್ತಾರೆ. ಡೈಕಾಸ್ಟ್ ಎನ್ನುವುದು ಇದಕ್ಕೇ. ಪೆಟ್ಟಿಗೆಯ ಮೇಲೆ 1:18, 1:43, 1:64 ಎಂದು ಬರೆದಿರುತ್ತದೆ. 1:18 ಎಂದರೆ ನಿಜವಾದ ಕಾರನ್ನು ಹದಿನೆಂಟು ಪಟ್ಟು ಕುಗ್ಗಿಸಿದ್ದಾರೆ ಎಂದರ್ಥ. ನಾಲ್ಕೂವರೆ ಮೀಟರ್ ಉದ್ದದ ಕಾರು 25 ಸೆಂಟಿಮೀಟರ್ ಆಗುತ್ತದೆ. 1:64ರಲ್ಲಿ ಏಳು ಸೆಂಟಿಮೀಟರ್, ಅಂಗೈಯಲ್ಲಿ ಮುಚ್ಚಿಡಬಹುದು.

ಕಾರನ್ನು ಕುಗ್ಗಿಸಬಹುದು, ಬಣ್ಣವನ್ನು ಕುಗ್ಗಿಸುವುದು ಹೇಗೆ? ಇಲ್ಲೊಂದು ಲೆಕ್ಕ ಮಾಡೋಣ. ರಸ್ತೆಯ ಮೇಲೆ ಓಡುವ ಕಾರಿನ ಬಣ್ಣದ ಪದರಗಳನ್ನೆಲ್ಲ ಸೇರಿಸಿದರೆ ದಪ್ಪ ಹೆಚ್ಚುಕಡಿಮೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ಅಷ್ಟೇ ದಪ್ಪದ ಬಣ್ಣವನ್ನು 1:18ರ ಮಾದರಿಗೆ ಹಾಕಿದರೆ, ನಿಜವಾದ ಕಾರಿಗೆ 1.8 ಮಿಲಿಮೀಟರ್ ದಪ್ಪ ಬಳಿದ ಹಾಗೆ. 1:64ಕ್ಕೆ ಹಾಕಿದರೆ 6.4 ಮಿಲಿಮೀಟರ್! ಗೋಡೆಗೆ ಗಾರೆ ಮಾಡಿದ ಹಾಗಾಯಿತು. ಬಾಗಿಲ ಗೆರೆಗಳು ಮುಚ್ಚಿಹೋಗುವುದು, ಬಾನೆಟ್ಟಿನ ಅಂಚು ಮೊಂಡಾಗುವುದು ಇದರಿಂದಲೇ. ಮಿನುಗುವ ಬಣ್ಣದಲ್ಲಿಯೂ ಇದೇ ತೊಂದರೆ. ಅದರಲ್ಲಿ ಲೋಹದ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ದೊಡ್ಡ ಕಾರಿನಲ್ಲಿ ಅವು ಮಿಂಚಿನ ಪುಡಿಯಂತೆ ಕಂಡರೆ, ಅದೇ ಚಕ್ಕೆ ಸಣ್ಣ ಕಾರಿನ ಮೇಲೆ ಕಲ್ಲುಸಕ್ಕರೆ ಅಂಟಿಸಿದ ಹಾಗೆ ಕಾಣುತ್ತದೆ. ಆದ್ದರಿಂದ ಒಳ್ಳೆಯ ಮಾದರಿಗೆ ಚಕ್ಕೆಯನ್ನು ಬಹಳ ನುಣ್ಣಗೆ ಅರೆದು, ಬಣ್ಣವನ್ನು ತೆಳ್ಳಗೆ ಮಾಡಿ ಮಂಜಿನಂತೆ ಸಿಂಪಡಿಸುತ್ತಾರೆ. ಇನ್ನೊಂದು ಗುಟ್ಟಿದೆ. ದೊಡ್ಡ ಕಾರಿನ ಅದೇ ಡಬ್ಬಿಯ ಬಣ್ಣವನ್ನು ಸಣ್ಣದಕ್ಕೆ ಹಚ್ಚಿದರೆ ಕಣ್ಣಿಗೆ ಸ್ವಲ್ಪ ಕಪ್ಪಾಗಿ ಕಾಣುತ್ತದೆ. ಅದಕ್ಕೆಂದೇ ಮಾದರಿ ತಯಾರಿಸುವವರಲ್ಲಿ ಅನೇಕರು ಬಣ್ಣಕ್ಕೆ ಒಂದು ಚೂರು ಬಿಳಿ ಬೆರೆಸಿಕೊಳ್ಳುತ್ತಾರೆ. ನಿಜದ ಬಣ್ಣವನ್ನೇ ಹಚ್ಚಿದರೆ ಸುಳ್ಳಿನಂತೆ ಕಾಣುತ್ತದೆ. ಸ್ವಲ್ಪ ಸುಳ್ಳು ಬೆರೆಸಿದರೆ ನಿಜದಂತೆ ಕಾಣುತ್ತದೆ. ಇದನ್ನು ಕೇಳಿ ಮೊಮ್ಮಗ, "ಹಾಗಾದ್ರೆ ಸುಳ್ಳು ಹೇಳಬಹುದಾ ತಾತ?" ಅಂದ. ಬಣ್ಣದ ವಿಷಯದಲ್ಲಿ ಮಾತ್ರ ಅಂದೆ.

ಸಿನಿಮಾ ಕಾರುಗಳಲ್ಲಿ ಬಹಳ ಹೆಸರಾದದ್ದು ಜೇಮ್ಸ್ ಬಾಂಡ್‌ನ ಆಸ್ಟನ್ ಮಾರ್ಟಿನ್. 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಅದು ಬೆಳ್ಳಿ ಬಣ್ಣದ್ದು. ಮರುವರ್ಷ ಬ್ರಿಟನ್ನಿನ ಕಾರ್ಗಿ ಕಂಪನಿ ಅದರ ಆಟಿಕೆ ತಂದಿತು. ಗುಂಡಿ ಒತ್ತಿದರೆ ಛಾವಣಿ ತೆರೆದು ಪಕ್ಕದ ಸೀಟಿನವನು ಹಾರಿಹೋಗುತ್ತಿದ್ದ. ಆದರೆ ಆ ಆಟಿಕೆಯ ಬಣ್ಣ ಬೆಳ್ಳಿಯದಲ್ಲ, ಚಿನ್ನದ್ದು. ಬೆಳ್ಳಿ ಬಣ್ಣ ಹಚ್ಚಿ ನೋಡಿದರೆ ಬಣ್ಣವನ್ನೇ ಹಾಕದೆ ಬರಿಯ ಲೋಹ ಬಿಟ್ಟಂತೆ ಕಾಣುತ್ತಿತ್ತಂತೆ, ಅದಕ್ಕೇ ಚಿನ್ನದ ಬಣ್ಣ. ತಪ್ಪು ಬಣ್ಣದ ಆ ಕಾರನ್ನು ಮಕ್ಕಳು ಮುಗಿಬಿದ್ದು ಕೊಂಡರು. ಮುಂದೆ 1968ರಲ್ಲಿ ಅದೇ ಕಾರು ಬೆಳ್ಳಿ ಬಣ್ಣದಲ್ಲಿ ಬಂತು.

ಇದಕ್ಕಿಂತ ತಮಾಷೆ 'ಬ್ಯಾಕ್ ಟು ದ ಫ್ಯೂಚರ್' ಚಿತ್ರದ ಡಿಲೋರಿಯನ್ ಕಾರಿನದು. ಆ ಕಾರಿನ ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲು, ನಮ್ಮ ಮನೆಯ ಪಾತ್ರೆಯ ಹಾಗೆ. ಕಾರ್ಖಾನೆಯಿಂದ ಬಣ್ಣವಿಲ್ಲದೆಯೇ ಹೊರಬರುತ್ತಿತ್ತು. ಆದರೆ ಅದರ ಆಟಿಕೆಯನ್ನು ಸತುವಿನ ಲೋಹದಲ್ಲಿಯೋ ಪ್ಲಾಸ್ಟಿಕ್ಕಿನಲ್ಲಿಯೋ ಮಾಡಬೇಕು. ಹೀಗಾಗಿ ಬಣ್ಣವೇ ಇಲ್ಲದ ಕಾರನ್ನು ತೋರಿಸಲು ಆಟಿಕೆಗೆ ಬಣ್ಣ ಬಳಿಯಬೇಕು, ಬಳಿದದ್ದು ಗೊತ್ತಾಗಲೂಬಾರದು!

ಇನ್ನು ಹಾಟ್ ವೀಲ್ಸ್. ಈ ಹೆಸರು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಮೊದಲ ಹಾಟ್ ವೀಲ್ಸ್ ತಂದಾಗ ಲೋಹದ ಮೈಯನ್ನು ಕನ್ನಡಿಯಂತೆ ಹೊಳಪು ಮಾಡಿ, ಅದರ ಮೇಲೆ ಪಾರದರ್ಶಕವಾದ ಬಣ್ಣ ಹಾಕಿತ್ತು. ಬೆಳಕು ಬಣ್ಣವನ್ನು ದಾಟಿ ಒಳಗೆ ಹೋಗಿ, ಲೋಹಕ್ಕೆ ತಾಗಿ, ಮತ್ತೆ ಬಣ್ಣದ ಮೂಲಕವೇ ಹೊರಗೆ ಬರುತ್ತದೆ. ಬಣ್ಣದ ಕಾಗದ ಸುತ್ತಿದ ಪೆಪ್ಪರ್‌ಮಿಂಟಿನ ಹಾಗೆ ಹೊಳೆಯುತ್ತಿತ್ತು. ಹೊಳಪು ಮೇಲಿನ ಬಣ್ಣದ್ದಷ್ಟೇ ಅಲ್ಲ, ಕೆಳಗಿನ ಮೈಯದ್ದೂ ಹೌದು. ಈ ಮಾತನ್ನು ನೆನಪಿಟ್ಟುಕೊಂಡು ಈಗ ನನ್ನ ಜೊತೆ ಚನ್ನಪಟ್ಟಣಕ್ಕೆ ಬನ್ನಿ.

ಚನ್ನಪಟ್ಟಣದ ಗೊಂಬೆಗೆ ಬೇಕಾದ್ದು ಆಲೆ ಮರ. ಆಲದ ಮರವಲ್ಲ, ಆಲೆ ಮರ. ಕೆಲವು ಕಡೆ ಹಾಲೆ ಎಂದೂ ಕರೆಯುತ್ತಾರೆ. ಗೀರಿದರೆ ಹಾಲು ಸುರಿಸುವ ಮರ. ಅದರ ಒಳಮೈ ದಂತದ ಹಾಗೆ ಬೆಳ್ಳಗೆ, ಎಳೆಗಳು ಒತ್ತಾಗಿ, ಉಳಿಗೆ ಮೆತ್ತಗೆ. ಹಾಟ್ ವೀಲ್ಸಿಗೆ ಲೋಹದ ಕನ್ನಡಿ ಇದ್ದಂತೆ ನಮ್ಮ ಗೊಂಬೆಗೆ ಈ ಬಿಳಿ ಮರ. ಅರಿಶಿನ ಬೆರೆಸಿದ ಅರಗನ್ನು ಕಪ್ಪು ಮರದ ಮೇಲೆ ಹಾಕಿದರೆ ಮಂಕು; ಆಲೆಯ ಮೇಲೆ ಹಾಕಿದರೆ ಒಳಗೆ ದೀಪ ಹಚ್ಚಿಟ್ಟಂತೆ. ಕಡಿದ ಮರವನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ. ಒಳಗೆ ಹಸಿ ಉಳಿದರೆ ಮರ ಆಮೇಲೆ ಕುಗ್ಗುತ್ತದೆ, ಮೇಲಿನ ಅರಗು ಕುಗ್ಗುವುದಿಲ್ಲ, ಬಿರುಕು ಬಿಡುತ್ತದೆ.

ಅರಗು ಎಂದರೆ ಮಕ್ಕಳಿಗೆ ಮಹಾಭಾರತದ ಅರಗಿನ ಮನೆ ನೆನಪಾಗಬಹುದು. ಪಾಂಡವರನ್ನು ಸುಡಲು ವಾರಣಾವತದಲ್ಲಿ ಕಟ್ಟಿಸಿದರಲ್ಲ, ಅದೇ ಅರಗು. ನನಗೆ ನೆನಪಾಗುವುದು ಬ್ಯಾಂಕಿನ ಕೌಂಟರು. ಆಗೆಲ್ಲ ಮುಖ್ಯವಾದ ಲಕೋಟೆ, ಹಣದ ಚೀಲಗಳ ಗಂಟಿನ ಮೇಲೆ ಕೆಂಪು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ ತೊಟ್ಟಿಕ್ಕಿಸಿ, ಹಿತ್ತಾಳೆಯ ಮೊಹರು ಒತ್ತುತ್ತಿದ್ದೆವು. ಬಿಸಿಯಾಗಿದ್ದಾಗ ಜೇನಿನಂತೆ, ಆರಿದರೆ ಗಾಜಿನಂತೆ. ಮೊಹರಿನ ಅಕ್ಷರದ ಸಣ್ಣ ಕೊಂಬೂ ಅದರಲ್ಲಿ ಮೂಡುತ್ತಿತ್ತು. ಅರಗು ಒಂದು ಸಣ್ಣ ಹುಳು ಮಾಡುವ ಅಂಟು. ಮುತ್ತುಗ, ಎಲಚಿ, ಕುಸುಮದಂಥ ಮರಗಳ ಎಳೆಯ ಕೊಂಬೆಗಳಲ್ಲಿ ಸಾವಿರಾರು ಹುಳುಗಳು ರಸ ಹೀರಿ, ತಮ್ಮ ಮೈಸುತ್ತ ಈ ಅಂಟಿನ ಕವಚ ಕಟ್ಟಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಜಾರ್ಖಂಡ್ ಇದಕ್ಕೆ ಹೆಸರುವಾಸಿ. ಕೆಲವು ಮಾತ್ರೆಗಳಿಗೆ, ಮಿಠಾಯಿಗಳಿಗೆ ಹೊಳಪು ಕೊಡುವುದೂ ಶುದ್ಧ ಮಾಡಿದ ಅರಗೇ.

ಅರಗನ್ನು ಕೆಂಡದ ಮೇಲೆ ಮೆತ್ತಗೆ ಮಾಡಿ, ಬಣ್ಣ ಸೇರಿಸಿ, ಎಳೆದು ಮಡಚಿ, ಮತ್ತೆ ಎಳೆದು ಮಡಚಿ, ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿಯವನು ಪಾಕ ಎಳೆಯುತ್ತಾನಲ್ಲ ಹಾಗೆ, ಬಣ್ಣ ಒಂದೇ ಸಮ ಆಗುವವರೆಗೆ ನಾದುತ್ತಾರೆ. ಆಮೇಲೆ ಕಡ್ಡಿ ಮಾಡಿಡುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ, ಕಂದಿಗೆ ಎಲೆಯಡಿಕೆಯ ಕಾಚು. ಅರಿಶಿನಕ್ಕೆ ನೀಲಿ ಸೇರಿದರೆ ಹಸಿರು. ಎಲ್ಲ ಬಣ್ಣವೂ ಗಿಡದಿಂದಲೇ ಎಂದು ಹೇಳಲಾರೆ. ಬಿಳಿಗೆ ಟೈಟಾನಿಯಂನ ಪುಡಿ ಹಾಕುತ್ತಾರೆ, ರಾಸಾಯನಿಕ ಬಣ್ಣ ಬೆರೆಸುವವರೂ ಇದ್ದಾರೆ.

ಈಗ ನೋಡಬೇಕಾದ ಕೆಲಸ. ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಉಳಿ ಹಿಡಿದು ಕಡೆದು, ಉಪ್ಪು ಕಾಗದದಿಂದ ನುಣುಪು ಮಾಡಿ, ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಒಲೆಯಿಲ್ಲ, ಬೆಂಕಿಯಿಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೆಲ್ಲಗೆ ಒತ್ತಿದರೆ ಗಂಟು ಗಂಟಾಗಿ ನಿಲ್ಲುತ್ತದೆ, ಬಲವಾಗಿ ಒತ್ತಿದರೆ ಸುಟ್ಟು ಕಪ್ಪಾಗುತ್ತದೆ. ಹದ ಇರುವುದು ಬೆರಳಿನಲ್ಲಿ. ಕೊನೆಗೆ ಕೇದಗೆಯ ಒಣಗಿದ ಎಲೆಯನ್ನು ಮಡಚಿ ಹಿಡಿಯುತ್ತಾರೆ. ಅಲ್ಲಿಯವರೆಗೆ ಮಂಕಾಗಿದ್ದ ಮರ ಎರಡು ಉಸಿರಿನೊಳಗೆ ಕನ್ನಡಿಯಂತಾಗುತ್ತದೆ. ನೂರು ಸಲ ನೋಡಿದ್ದೇನೆ, ಇನ್ನೂ ಬೇಸರ ಬಂದಿಲ್ಲ. ಇದಕ್ಕೆ ಕುಂಚ ಬೇಡ, ಥಿನ್ನರ್ ಬೇಡ, ಒಣಗಲು ಕಾಯುವುದೂ ಬೇಡ. ಲೇತಿನಿಂದ ಬಿಡಿಸಿದ ಕೂಡಲೇ ಮಗುವಿನ ಕೈಗೆ ಕೊಡಬಹುದು.

ಆದರೆ ಇದರಲ್ಲೊಂದು ಕಟ್ಟು ಇದೆ. ಕರಗುವುದಕ್ಕೆ ಉಜ್ಜಬೇಕು, ಉಜ್ಜುವುದಕ್ಕೆ ತಿರುಗಬೇಕು, ತಿರುಗಬೇಕಾದರೆ ಗುಂಡಗಿರಬೇಕು. ಚನ್ನಪಟ್ಟಣದ ಕಾರು ಮೊಟ್ಟೆಯಂತೆ ಇರುವುದು, ಅದರ ಡ್ರೈವರು ಗುಂಡು ತಲೆಯ ಬುಗುರಿಯಂತೆ ಇರುವುದು ಮಕ್ಕಳಿಗೆ ಮುದ್ದಾಗಿ ಕಾಣಲಿ ಎಂದಷ್ಟೇ ಅಲ್ಲ. ಆ ಆಕಾರವನ್ನು ಆರಿಸಿದ್ದು ಅರಗು. ಲೋಹದ ಸಿನಿಮಾ ಕಾರಿನಲ್ಲಿ ಮೊದಲು ಆಕಾರ, ಬಣ್ಣ ಅದರ ಹಿಂದೆ ಹೋಗಬೇಕು. ನಮ್ಮಲ್ಲಿ ಬಣ್ಣ ಮುಂದೆ, ಆಕಾರ ಹಿಂದೆ.

ಇದು ನನಗೆ ಚೆನ್ನಾಗಿ ತಿಳಿದದ್ದು ಕಳೆದ ಬೇಸಿಗೆ ರಜೆಯಲ್ಲಿ. 1975ರಲ್ಲಿ ಬಂದ 'ಶೋಲೆ' ಚಿತ್ರವನ್ನು ಅಜ್ಜ ಅಜ್ಜಿಯರು ಮರೆತಿರಲಾರರು. ರಮೇಶ್ ಸಿಪ್ಪಿಯವರು ರಾಮನಗರದ ಬಂಡೆಗಳ ಬುಡದಲ್ಲಿ ರಾಮಗಢ ಎಂಬ ಊರನ್ನೇ ಕಟ್ಟಿಸಿದ್ದರು; ಆ ಜಾಗಕ್ಕೆ ಸಿಪ್ಪಿ ನಗರ ಎಂಬ ಹೆಸರೂ ಬಿದ್ದಿತ್ತು. ಅದರಲ್ಲಿ ಧರ್ಮೇಂದ್ರ, ಅಮಿತಾಭ್ ಇಬ್ಬರೂ ಪಕ್ಕದಲ್ಲಿ ತೊಟ್ಟಿಲು ಇರುವ ಮೋಟಾರ್‌ಸೈಕಲ್ಲಿನಲ್ಲಿ ಹೋಗುತ್ತಾರಲ್ಲ, ಸೈಡ್‌ಕಾರ್ ಎನ್ನುತ್ತಾರೆ ಅದಕ್ಕೆ. "ನಮ್ಮೂರಿನ ಸಿನಿಮಾ ಗಾಡಿ ಅಂದ್ರೆ ಅದೇ ತಾತ, ಅದನ್ನ ಅರಗಿನಲ್ಲಿ ಮಾಡಿಸೋಣ" ಎಂದು ಮೊಮ್ಮಗ ಹಟ ಹಿಡಿದ. ಹಳೆಯ ಪರಿಚಯದ ಒಬ್ಬ ಮೇಸ್ತ್ರಿಯ ಹತ್ತಿರ ಹೋದೆವು.

ಮೇಸ್ತ್ರಿ ಹುಡುಗ ಬರೆದುಕೊಂಡು ಬಂದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸಾರ್, ಲೇತಿಗೆ ಗುಂಡಗಿರೋದು ಮಾತ್ರ ಗೊತ್ತು. ಚೌಕ ಕೊಟ್ರೆ ಉಗುಳ್ತದೆ," ಅಂದರು. ಆಮೇಲೆ ಅವರೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸುತ್ತ ಹೋದರು. ಮೂರು ಚಕ್ರ ಸುಲಭ. ಕಪ್ಪು ಅರಗಿನ ಟೈರು, ನಡುವೆ ಹಳದಿಯ ಬಳೆ. ದೀಪವೂ ಸುಲಭ. ಪೆಟ್ರೋಲ್ ಟ್ಯಾಂಕು ನೀರಿನ ಹನಿಯ ಆಕಾರ, ಅದೂ ತಿರುಗುತ್ತದೆ. ಹಿಡಿಕೆ ಮಾತ್ರ ಬಗ್ಗುವುದಿಲ್ಲ, ನೆಟ್ಟನೆಯ ಕಡ್ಡಿಯೇ ಗತಿ. ತೊಟ್ಟಿಲು ಹೇಗೆ? ಅದು ಅರ್ಧ ಗುಂಡು, ಅರ್ಧ ಚಪ್ಪಟೆ.

"ಮೊಟ್ಟೆ ಕಡೆದು ಎರಡು ಸೀಳು ಮಾಡಿದ್ರೆ ಆಗಲ್ವಾ ಅಂಕಲ್?" ಎಂದ ಹುಡುಗ. ಮೇಸ್ತ್ರಿ ನಕ್ಕು, "ಆಯ್ತು ಮರಿ, ಆದ್ರೆ ಮೊದ್ಲು ಸೀಳಿದ್ರೆ ಲೇತಿಗೆ ಕೂರಲ್ಲ. ಅರಗು ಹಾಕಿ ಆಮೇಲೆ ಸೀಳ್ಬೇಕು," ಅಂದರು. ಅಲ್ಲಿ ಕಷ್ಟ. ಅರಗು ಆರಿದ ಮೇಲೆ ಗಾಜಿನಂತೆ. ಗರಗಸ ತಾಗಿದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಸೀಳುವ ಗೆರೆಯುದ್ದಕ್ಕೂ ಟೇಪು ಸುತ್ತಿ, ಸಣ್ಣ ಹಲ್ಲಿನ ಗರಗಸದಲ್ಲಿ ಉಸಿರು ಬಿಗಿಹಿಡಿದು ಸೀಳಿದರು. ಒಂದು ಹೋಳಿನ ಅಂಚು ಒಡೆಯಿತು, ಇನ್ನೊಂದು ಚೆನ್ನಾಗಿ ಬಂತು. ನಮಗೆ ಬೇಕಾದ್ದೂ ಒಂದೇ ತಾನೆ! ಒಳಗನ್ನು ಉಳಿಯಲ್ಲಿ ತೋಡಿದರು.

ಇನ್ನು ಬಣ್ಣ. ಹುಡುಗ ಫೋನಿನಲ್ಲಿ ಆ ದೃಶ್ಯ ನಿಲ್ಲಿಸಿ ತೋರಿಸಿದ. ಬಿಸಿಲಿನಲ್ಲಿ ಗಾಡಿ ಒಂದು ಥರ, ಮರದ ನೆರಳಿನಲ್ಲಿ ಇನ್ನೊಂದು ಥರ. ಹಳೆಯ ಪ್ರತಿಯಲ್ಲಿ ಮಾಸಿದಂತೆ, ಹೊಸದಾಗಿ ಶುದ್ಧ ಮಾಡಿದ ಪ್ರತಿಯಲ್ಲಿ ಕಣ್ಣಿಗೆ ಹೊಡೆಯುವಂತೆ. ಸಿನಿಮಾ ಕಾರು ಕೂಡಿಡುವವರೆಲ್ಲ ಜಗಳವಾಡುವುದು ಇದಕ್ಕೇ: ಗಾಡಿಗೆ ನಿಜವಾಗಿ ಇದ್ದ ಬಣ್ಣ ಸರಿಯೋ, ತೆರೆಯ ಮೇಲೆ ಕಂಡ ಬಣ್ಣ ಸರಿಯೋ? ತೆರೆಯ ಮೇಲೆ ಕಂಡದ್ದೇ ಸರಿ ಎಂಬುದು ನನ್ನ ಮತ. ಪ್ರೀತಿ ಹುಟ್ಟಿದ್ದು ಅಲ್ಲಿ ತಾನೆ? ಮೇಸ್ತ್ರಿಗೆ ಈ ಚರ್ಚೆಯೇ ಬೇಡವಾಗಿತ್ತು. ಕಾಚಿನ ಕಡ್ಡಿಯನ್ನು ಒತ್ತಿ, ರಾಮನಗರದ ಮಣ್ಣಿನಂಥ ಕಂದು ಬಣ್ಣ ತಂದುಕೊಟ್ಟರು. ಎಲ್ಲವನ್ನೂ ಕೂಡಿಸುವ ಚಪ್ಪಟೆ ಮರಕ್ಕೆ ಕುಂಚದಿಂದ ಬಣ್ಣ ಹಚ್ಚಲೇ ಎಂದು ಕೇಳಿದರು. ಬೇಡವೆಂದೆವು. ಸೀಳಿದ ಅಂಚು, ಚಪ್ಪಟೆ ಹಲಗೆ ಎರಡೂ ಆಲೆಯ ಬಿಳುಪಿನಲ್ಲೇ ಇವೆ. ಲೇತು ತಲುಪಿದ್ದು ಎಲ್ಲಿಯವರೆಗೆ ಎಂದು ನೋಡಿದರೇ ತಿಳಿಯುತ್ತದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಹೊಳೆಯುವ ಬಣ್ಣವೆಲ್ಲ ಒಂದೇ ಅಲ್ಲ. ಹಿಂದೆ ಗಾಢ ಹಳದಿ, ಕೆಂಪು ಬಣ್ಣಗಳಿಗೆ ಸೀಸ ಸೇರಿಸುತ್ತಿದ್ದರು. ಮಗು ಆಟಿಕೆಯನ್ನು ಬಾಯಿಗೆ ಹಾಕಿಕೊಂಡಾಗ ಆ ಸೀಸ ಹೊಟ್ಟೆಗೆ ಸೇರಿ, ಬೆಳೆಯುವ ಮಿದುಳಿಗೆ ಕೆಡುಕು ಮಾಡುತ್ತದೆ. ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಯಲ್ಲಿದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೆ, ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಚನ್ನಪಟ್ಟಣದ ಗೊಂಬೆಗೆ ಆ ಭೌಗೋಳಿಕ ಗುರುತು ಸಿಕ್ಕಿದ್ದು 2005-06ರಲ್ಲಿ. ವಿನಾಯಿತಿ ಸಿಕ್ಕಿದ ಮಾತ್ರಕ್ಕೆ ನಾವು ಕಣ್ಣು ಮುಚ್ಚಿ ಕೊಳ್ಳಬೇಕೆಂದಿಲ್ಲ. ಅರಗಿನ ಬದಲು ಕುಂಚದ ಬಣ್ಣ ಬಳಿದು 'ಚನ್ನಪಟ್ಟಣದ್ದು' ಎಂದು ಮಾರುವ ಗೊಂಬೆಗಳೂ ಪೇಟೆಯಲ್ಲಿವೆ. ಗುಂಡಗಿನ ಭಾಗವನ್ನು ಓರೆ ಬೆಳಕಿನಲ್ಲಿ ನೋಡಿ. ಲೇತಿನ ಅರಗಾದರೆ ಹೊಳಪು ಗೊಂಬೆಯನ್ನು ಸುತ್ತಿಕೊಂಡು ಬಂದಿರುತ್ತದೆ. ಕುಂಚವಾದರೆ ಕೂದಲಿನ ಗೀಟು, ಬುಡದಲ್ಲಿ ಸೋರಿ ನಿಂತ ಹನಿ ಕಾಣಬಹುದು. ಥಿನ್ನರಿನ ವಾಸನೆ ಮೂಗಿಗೆ ಬಡಿದರೆ ಅಲ್ಲಿಯೇ ಇಟ್ಟು ಬನ್ನಿ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿಗಾದರೆ ಬಣ್ಣ ಯಾವುದು ಎಂದು ಬಾಯಿಬಿಟ್ಟು ಕೇಳಿ. ಗಿಡದ ಬಣ್ಣ ಬಳಸುವವರು ಸಂತೋಷವಾಗಿ ಹೇಳುತ್ತಾರೆ.

ಮನೆಗೆ ತಂದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಯಾನಿಟೈಸರ್ ಮಾತ್ರ ಬೇಡ. ಅದರಲ್ಲಿರುವ ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಕೊರೋನಾ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಗೊಂಬೆಗಳ ಬಣ್ಣ ಕೈಗೆ ಹತ್ತಿದ್ದು ಹೀಗೆ. ನೀರಿನಲ್ಲಿ ನೆನೆಹಾಕಬೇಡಿ. ಬಿಸಿಲಿನಲ್ಲಿ ನಿಂತ ಕಾರಿನ ಕಿಟಕಿಯ ಬಳಿಯೂ ಇಡಬೇಡಿ, ಬಿಸಿಗೆ ಕರಗಿ ಬಂದದ್ದು ಬಿಸಿಗೇ ಮೆತ್ತಗಾಗುತ್ತದೆ.

ಹೋಗಿ ನೋಡಬೇಕೆನ್ನುವವರಿಗೆ ದಾರಿ ಹೇಳಿಬಿಡುತ್ತೇನೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣಗಳನ್ನು ಊರ ಹೊರಗಿನಿಂದಲೇ ದಾಟಿಸಿಬಿಡುತ್ತದೆ. ಮೊದಲು ಮೈಸೂರಿಗೆ ಹೋಗುವ ಪ್ರತಿ ಕಾರೂ ಗೊಂಬೆ ಅಂಗಡಿಗಳ ಮುಂದೆಯೇ ಹಾಯಬೇಕಿತ್ತು. ಹಿಂದಿನ ಸೀಟಿನ ಮಗು ಕೈ ತೋರಿಸಿ ಅತ್ತರೆ ಅಪ್ಪ ಗಾಡಿ ನಿಲ್ಲಿಸಲೇಬೇಕಿತ್ತು. ಆ ಅಳುವಿನ ಮೇಲೆ ಎಷ್ಟೋ ಅಂಗಡಿಗಳ ಬಾಡಿಗೆ ನಡೆಯುತ್ತಿತ್ತು. ಈಗ ಹಳೆಯ ರಸ್ತೆ ಬಿಕೋ ಎನ್ನುತ್ತದೆ. ನೀವು ಹೊಸ ರಸ್ತೆ ಹಿಡಿಯದೆ ಹಳೆಯ ರಸ್ತೆಯಲ್ಲೇ ಬನ್ನಿ, ಇಲ್ಲವೇ ರೈಲಿನಲ್ಲಿ ಬಂದು ಚನ್ನಪಟ್ಟಣದಲ್ಲಿ ಇಳಿಯಿರಿ. ಕಲಾನಗರದ ಕಡೆ ಹೋಗಿ ಅಂಗಡಿಯಲ್ಲೇ ನಿಲ್ಲದೆ, ಲೇತು ಎಲ್ಲಿ ಓಡುತ್ತಿದೆ ಎಂದು ಕೇಳಿ. ಊಟದ ಹೊತ್ತು ಬಿಟ್ಟು ಬೆಳಗ್ಗೆ ಹೋದರೆ ಒಳ್ಳೆಯದು. ಕರೆಂಟು ಇದ್ದರೆ, ಕೇದಗೆಯ ಎಲೆ ಹಿಡಿಯುವ ಗಳಿಗೆಯನ್ನು ತಪ್ಪಿಸಿಕೊಳ್ಳಬೇಡಿ. ಅದು ಎರಡು ಉಸಿರಿನಷ್ಟು ಹೊತ್ತು ಮಾತ್ರ.